ಗಣಕಲೋಕದ ಅವತಾರ: ರೂಪ ಮತ್ತು ಹೊಣೆ

ಕನ್ನಡದಲ್ಲಿ ‘ಅವತಾರ’ ಎಂಬ ಪದಕ್ಕೆ ಎರಡು ಬಗೆಯ ಬಳಕೆಯುಂಟು. ಪುರಾಣ ಪ್ರಸಂಗಗಳಲ್ಲಿ ಅದು ಗಂಭೀರವಾದ ಪದ. ಮೇಲಿನಿಂದ ಕೆಳಗಿಳಿದು ಬರುವುದು ಎಂಬ ಅರ್ಥ ಅದರ ವ್ಯುತ್ಪತ್ತಿಯಲ್ಲಿಯೇ ಅಡಗಿದೆ. ಮನೆಮಾತಿನಲ್ಲಿ ಅದೇ ಪದ ಹಗುರವಾಗುತ್ತದೆ. ಕೆಸರಿನಲ್ಲಿ ಆಡಿ ಬಂದ ಮಗನನ್ನು ಕಂಡ ತಾಯಿ ‘ಇದೇನೋ ನಿನ್ನ ಅವತಾರ!’ ಎಂದು ಉದ್ಗರಿಸುತ್ತಾಳೆ. ಕಳೆದ ನಾಲ್ಕು ದಶಕಗಳಲ್ಲಿ ಈ ಪದಕ್ಕೆ ಮೂರನೆಯ ಬಳಕೆಯೊಂದು ಪ್ರಾಪ್ತವಾಗಿದೆ. ಅಂತರ್ಜಾಲದಲ್ಲಿ ತನ್ನ ಪರವಾಗಿ ನಿಲ್ಲಲು, ಮಾತನಾಡಲು, ನಡೆದಾಡಲು ಮನುಷ್ಯನು ರಚಿಸಿಕೊಳ್ಳುವ ಚಿತ್ರರೂಪಕ್ಕೆ ಇಂದು ಜಗತ್ತಿನ ಹಲವು ಭಾಷೆಗಳಲ್ಲಿ ‘ಅವತಾರ್’ ಎಂಬ ಹೆಸರೇ ರೂಢಿಯಾಗಿದೆ. ಭಾರತದ ಒಂದು ಪದ ಸಾಗರಗಳನ್ನು ದಾಟಿ, ಹೊಸ ಅರ್ಥವನ್ನು ಹೊತ್ತು, ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲ್ ಫೋನುಗಳ ಮೂಲಕ ಮತ್ತೆ ನಾಡಿಗೆ ಮರಳಿದೆ.

ಇಂತಹ ರೂಪವನ್ನು ರಚಿಸಿಕೊಳ್ಳುವುದು ಇಂದು ಕೆಲವೇ ನಿಮಿಷಗಳ ಕೆಲಸ. ಆದರೆ ಹಾಗೆ ರಚಿಸಿಕೊಂಡ ರೂಪದ ಮರೆಯಲ್ಲಿ ನಿಂತು ಆಡಿದ ಮಾತು, ಮಾಡಿದ ಕೆಲಸ ಯಾರದು ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಈ ತಂತ್ರಜ್ಞಾನದ ಇತಿಹಾಸವನ್ನು ನೋಡಿದರೆ, ಆ ಪ್ರಶ್ನೆ ಅದರ ಹುಟ್ಟಿನೊಂದಿಗೇ ಹುಟ್ಟಿತೆಂಬುದು ತಿಳಿಯುತ್ತದೆ.

ಪದದ ಪಯಣ

೧೯೭೯ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೋ’ ಎಂಬ ಗಣಕ ವ್ಯವಸ್ಥೆಯಲ್ಲಿ ‘ಅವತಾರ್’ ಎಂಬ ಹೆಸರಿನ ಆಟವೊಂದು ಕಾಣಿಸಿಕೊಂಡಿತು. ೧೯೮೫ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬವರು ರಚಿಸಿದ ‘ಅಲ್ಟಿಮಾ’ ಮಾಲಿಕೆಯ ನಾಲ್ಕನೆಯ ಆಟದಲ್ಲಿ ಈ ಪದಕ್ಕೆ ನೈತಿಕವಾದ ಅರ್ಥವೇ ಬಂದಿತು. ಅದುವರೆಗಿನ ಆಟಗಳಲ್ಲಿ ಶತ್ರುವನ್ನು ಕೊಲ್ಲುವುದೇ ಗುರಿಯಾಗಿದ್ದರೆ, ಇಲ್ಲಿ ಪ್ರಾಮಾಣಿಕತೆ, ಕರುಣೆ, ವಿನಯ ಮೊದಲಾದ ಎಂಟು ಸದ್ಗುಣಗಳನ್ನು ಸಾಧಿಸಿದವನು ಮಾತ್ರ ‘ಅವತಾರ್’ ಎನಿಸಿಕೊಳ್ಳುತ್ತಿದ್ದನು. ಆಟದ ಮೊದಲಲ್ಲಿ ಕೇಳುವ ಧರ್ಮಸಂಕಟದ ಪ್ರಶ್ನೆಗಳಿಗೆ ಆಟಗಾರನು ನೀಡಿದ ಉತ್ತರದಿಂದಲೇ ಅವನ ಪಾತ್ರ ನಿರ್ಧಾರವಾಗುತ್ತಿತ್ತು.

ಇಂದಿನ ಅರ್ಥದಲ್ಲಿ ಈ ಪದವನ್ನು ನೆಲೆಗೊಳಿಸಿದ್ದು ೧೯೮೬ರಲ್ಲಿ ಲೂಕಾಸ್‌ಫಿಲ್ಮ್ ಸಂಸ್ಥೆಯ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ್‍ಯಾಂಡಿ ಫಾರ್ಮರ್ ಎಂಬವರು ಕಟ್ಟಿದ ‘ಹ್ಯಾಬಿಟಾಟ್’. ಕಮೊಡೋರ್ ೬೪ ಎಂಬ ಪುಟ್ಟ ಮನೆಗಣಕವನ್ನು ದೂರವಾಣಿ ತಂತಿಗೆ ಜೋಡಿಸಿದರೆ, ಎಲ್ಲೆಲ್ಲಿಯೋ ಇರುವ ಜನರು ಒಂದೇ ಚಿತ್ರಪಟ್ಟಣದಲ್ಲಿ ಗೊಂಬೆಯಂತಹ ರೂಪಗಳಾಗಿ ಕಲೆಯಬಹುದಾಗಿತ್ತು. ಸೂತ್ರಧಾರನು ದಾರದಿಂದ ಗೊಂಬೆಯನ್ನು ಆಡಿಸುವಂತೆ, ಇಲ್ಲಿ ಮನುಷ್ಯನು ದೂರವಾಣಿಯ ತಂತಿಯ ಮೂಲಕ ತನ್ನ ರೂಪವನ್ನು ಆಡಿಸುತ್ತಾನೆ. ಹೊರಗಿನ ಲೋಕದಿಂದ ಆ ಪುಟ್ಟ ಲೋಕಕ್ಕೆ ಇಳಿದು ಬರುತ್ತಾನೆ. ಈ ಭಾವದಿಂದಲೇ ಆ ರೂಪಗಳಿಗೆ ‘ಅವತಾರ್’ ಎಂದು ಹೆಸರಿಟ್ಟರು. ಆ ಪಟ್ಟಣದಲ್ಲಿ ತಲೆಯನ್ನೇ ಕಳಚಿ ಬೇರೊಂದು ತಲೆಯನ್ನು ಧರಿಸಬಹುದಾಗಿತ್ತೆಂಬುದು ವಿನೋದದ ಸಂಗತಿ.

ಅಲ್ಲಿ ಬಹುಬೇಗ ಕಳ್ಳತನ ನಡೆಯಿತು. ಒಂದು ರೂಪ ಇನ್ನೊಂದನ್ನು ಆಯುಧದಿಂದ ಕೊಲ್ಲುವುದೂ ನಡೆಯಿತು. ಇದು ಅಪರಾಧವೇ ಅಥವಾ ಬರಿಯ ಆಟವೇ ಎಂಬ ವಾದ ನಿವಾಸಿಗಳಲ್ಲಿ ಎದ್ದಿತು. ಆ ರೂಪ ಮನುಷ್ಯನ ಮುಂದುವರಿಕೆಯೆಂದು ಕೆಲವರೂ, ಸತ್ತು ಮತ್ತೆ ಹುಟ್ಟುವ ಆಟದ ಕಾಯಿಯೆಂದು ಮತ್ತೆ ಕೆಲವರೂ ಹೇಳಿದರು. ನಿವಾಸಿಗಳು ತಮಗೊಬ್ಬ ಪೊಲೀಸ್ ಅಧಿಕಾರಿಯನ್ನು ಚುನಾಯಿಸಿಕೊಂಡರು. ನಿಜಜೀವನದಲ್ಲಿಯೂ ಗ್ರೀಕ್ ಸಂಪ್ರದಾಯದ ಪಾದ್ರಿಯಾಗಿದ್ದ ಒಬ್ಬ ನಿವಾಸಿ ಅಲ್ಲೊಂದು ಧರ್ಮಸಂಘವನ್ನು ತೆರೆದು, ಆಯುಧ ಹಿಡಿಯುವುದಿಲ್ಲ, ಕದಿಯುವುದಿಲ್ಲ, ಹಿಂಸೆ ಮಾಡುವುದಿಲ್ಲವೆಂದು ಅನುಯಾಯಿಗಳಿಂದ ಪ್ರತಿಜ್ಞೆ ಮಾಡಿಸಿದನು. ಮನುಷ್ಯರು ಹೋದಲ್ಲೆಲ್ಲ ಅವರ ಗುಣದೋಷಗಳೂ ಹೋಗುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

೧೯೯೨ರಲ್ಲಿ ಪ್ರಕಟವಾದ ನೀಲ್ ಸ್ಟೀಫನ್‌ಸನ್ ಅವರ ‘ಸ್ನೋ ಕ್ರ್ಯಾಶ್’ ಕಾದಂಬರಿಯಿಂದ ಪದ ಜನಪ್ರಿಯವಾಯಿತು. ೨೦೦೩ರಲ್ಲಿ ಆರಂಭವಾದ ‘ಸೆಕೆಂಡ್ ಲೈಫ್’ ಎಂಬ ಜಾಲಲೋಕದಲ್ಲಿ ಜನರು ಇಂತಹ ರೂಪ ಧರಿಸಿ ಮನೆ ಕಟ್ಟಿದರು, ವ್ಯಾಪಾರ ಮಾಡಿದರು.

ರೂಪ ಸಿದ್ಧವಾಗುವ ಬಗೆ

ಅವತಾರಗಳಲ್ಲಿ ಅತಿ ಸರಳವಾದುದು ಹೆಸರಿನ ಪಕ್ಕದಲ್ಲಿ ಕಾಣುವ ಪುಟ್ಟ ಚಿತ್ರ. ಅದಕ್ಕಿಂತ ಮುಂದಿನದು ಜೋಡಣೆಯ ವ್ಯಂಗ್ಯಚಿತ್ರ. ಮುಖದ ಆಕಾರ, ಕಣ್ಣು, ಮೂಗು, ಕೇಶ, ಉಡುಪು ಇವುಗಳಲ್ಲಿ ಸಿದ್ಧವಿರುವ ಮಾದರಿಗಳಿಂದ ಒಂದೊಂದನ್ನು ಆರಿಸಿ ಜೋಡಿಸುತ್ತಾ ಹೋದರೆ ತನ್ನನ್ನು ಹೋಲುವ ರೂಪ ದೊರೆಯುತ್ತದೆ. ಜಪಾನಿನ ನಿಂಟೆಂಡೊ ಸಂಸ್ಥೆ ೨೦೦೬ರಲ್ಲಿ ‘ಮೀ’ ಎಂಬ ಹೆಸರಿನಿಂದ, ಕೆನಡಾದ ಟೊರಾಂಟೊ ನಗರದ ಸಂಸ್ಥೆಯೊಂದು ೨೦೧೪ರಲ್ಲಿ ‘ಬಿಟ್‌ಮೋಜಿ’ ಎಂಬ ಹೆಸರಿನಿಂದ ಇದನ್ನು ಮನೆಮಾತಾಗಿಸಿದವು. ೨೦೨೨ರ ಕೊನೆಯಲ್ಲಿ ವಾಟ್ಸ್ಯಾಪ್ ಕೂಡ ತನ್ನ ಬಳಕೆದಾರರಿಗೆ ಇಂತಹ ಸೌಲಭ್ಯವನ್ನು ಒದಗಿಸಿತು.

ಮೂರು ಆಯಾಮಗಳುಳ್ಳ, ನಡೆದಾಡುವ ರೂಪದ ರಚನೆ ಇನ್ನಷ್ಟು ಕುತೂಹಲಕರ. ಬಿದಿರಿನ ಹಂದರ ಕಟ್ಟಿ, ಅದರ ಮೇಲೆ ಕಾಗದ ಅಂಟಿಸಿ, ಬಣ್ಣ ಬಳಿದು ಜಾತ್ರೆಯ ಗೊಂಬೆಯನ್ನು ಮಾಡುವ ಕ್ರಮವನ್ನು ಇಲ್ಲಿ ನೆನೆಯಬಹುದು. ಗಣಕವು ಮೊದಲು ಸಾವಿರಾರು ಚಿಕ್ಕ ತ್ರಿಕೋನ, ಚತುಷ್ಕೋನಗಳ ಜಾಲರಿಯಿಂದ ದೇಹದ ಆಕಾರವನ್ನು ಕಟ್ಟುತ್ತದೆ. ಆ ಜಾಲರಿಯ ಮೇಲೆ ಚರ್ಮ, ಬಟ್ಟೆ, ಕೂದಲುಗಳ ಚಿತ್ರವನ್ನು ಹೊದಿಸಲಾಗುತ್ತದೆ. ಒಳಗೆ ಅದೃಶ್ಯವಾದ ಅಸ್ಥಿಪಂಜರವೊಂದನ್ನು ಇರಿಸಿ, ಮೊಣಕೈ ಮಡಚಿದಾಗ ಸುತ್ತಲಿನ ಚರ್ಮ ಎಷ್ಟು ಸರಿಯಬೇಕೆಂಬ ಲೆಕ್ಕವನ್ನು ಪ್ರತಿಯೊಂದು ಬಿಂದುವಿಗೂ ನಿಗದಿಪಡಿಸಲಾಗುತ್ತದೆ.

ಈ ವಿದ್ಯೆಯ ತವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯ. ಅಲ್ಲಿ ೧೯೭೧ರಲ್ಲಿ ಆನ್ರಿ ಗೂರೊ ಎಂಬ ಫ್ರೆಂಚ್ ಸಂಶೋಧಕರು ತಮ್ಮ ಪತ್ನಿ ಸಿಲ್ವಿಯವರ ಮುಖದ ಮೇಲೆ ಗೆರೆಗಳನ್ನೆಳೆದು, ಅವುಗಳ ಅಳತೆಯಿಂದ ಗಣಕದಲ್ಲಿ ಮುಖವನ್ನು ಮೂಡಿಸಿದರು. ಮುಂದಿನ ವರ್ಷ ಅಲ್ಲಿಯೇ ಫ್ರೆಡ್ರಿಕ್ ಪಾರ್ಕ್ ಎಂಬವರು ಗಣಕದ ಮುಖಕ್ಕೆ ಚಲನೆಯನ್ನು ತಂದರು. ಅಂದು ಪ್ರಯೋಗಾಲಯದಲ್ಲಿ ಶ್ರಮದಿಂದ ಸಾಧಿಸಿದುದು ಇಂದು ಅಂಗೈಯಲ್ಲಿ ಕ್ಷಣಾರ್ಧದಲ್ಲಿ ನಡೆಯುತ್ತದೆ. ೨೦೧೭ರಲ್ಲಿ ಬಂದ ಐಫೋನ್ ಹತ್ತರ ಕ್ಯಾಮೆರಾ, ಕಣ್ಣಿಗೆ ಕಾಣದ ೩೦,೦೦೦ಕ್ಕೂ ಹೆಚ್ಚು ಬೆಳಕಿನ ಬಿಂದುಗಳನ್ನು ಮುಖದ ಮೇಲೆ ಹರಡಿ ಅದರ ಏರುತಗ್ಗುಗಳನ್ನು ಅಳೆಯಿತು. ಹುಬ್ಬು ಏರಿದುದೆಷ್ಟು, ತುಟಿ ಅರಳಿದುದೆಷ್ಟು, ರೆಪ್ಪೆ ಮುಚ್ಚಿದುದೆಷ್ಟು ಎಂದು ಮುಖಭಾವವನ್ನು ೫೨ ಸಂಖ್ಯೆಗಳಾಗಿ ವಿಂಗಡಿಸುವ ಪದ್ಧತಿ ಈ ಫೋನುಗಳಲ್ಲಿದೆ. ಆ ಸಂಖ್ಯೆಗಳನ್ನು ಚಿತ್ರಕ್ಕೆ ಉಣಿಸಿದರೆ, ಮನುಷ್ಯ ನಕ್ಕಾಗ ಚಿತ್ರವೂ ನಗುತ್ತದೆ.

ಹೋಲಿಕೆ ಹೆಚ್ಚಿದಷ್ಟೂ ಮೆಚ್ಚುಗೆ ಹೆಚ್ಚುವುದೆಂದು ಭಾವಿಸುವಂತಿಲ್ಲ. ಕೃತಕ ರೂಪವು ಮನುಷ್ಯನನ್ನು ಬಹುಮಟ್ಟಿಗೆ ಹೋಲುತ್ತಾ, ಎಲ್ಲಿಯೋ ಸ್ವಲ್ಪ ತಪ್ಪಿದಾಗ ನೋಡುವವರಿಗೆ ಒಂದು ಬಗೆಯ ಅಳುಕು ಉಂಟಾಗುತ್ತದೆಂದು ಜಪಾನಿನ ಮಸಾಹಿರೊ ಮೋರಿಯವರು ೧೯೭೦ರಲ್ಲಿಯೇ ಬರೆದರು. ಸರಳ ವ್ಯಂಗ್ಯಚಿತ್ರವೇ ಅನೇಕರಿಗೆ ಹಿತವೆನಿಸಲು ಇದೂ ಒಂದು ಕಾರಣ.

ರೂಪದ ಆಯ್ಕೆ

ತನ್ನನ್ನೇ ಹೋಲುವ ರೂಪವೋ, ತನ್ನ ಬಯಕೆಯ ರೂಪವೋ, ತನಗೆ ಸಂಬಂಧವೇ ಇಲ್ಲದ ರೂಪವೋ? ಅವತಾರವನ್ನು ರಚಿಸುವವನ ಮುಂದಿನ ಮೊದಲ ಆಯ್ಕೆ ಇದು. ಕನ್ನಡ ಓದುಗನಿಗೆ ಇದರ ಸ್ವರೂಪ ತೀರ ಅಪರಿಚಿತವೇನಲ್ಲ. ದ. ರಾ. ಬೇಂದ್ರೆಯವರು ‘ಅಂಬಿಕಾತನಯದತ್ತ’ರಾಗಿ, ಮಾಸ್ತಿ ವೆಂಕಟೇಶ ಅಯ್ಯಂಗಾರರು ‘ಶ್ರೀನಿವಾಸ’ರಾಗಿ ಬರೆದರು. ಹುಟ್ಟಿದಾಗ ಬಂದ ಹೆಸರಿನ ಜೊತೆಗೆ ತಾನೇ ಆರಿಸಿಕೊಂಡ ಹೆಸರೊಂದನ್ನು ಹೊರುವುದು ನಾಡಿನಲ್ಲಿ ಗೌರವದ ಸಂಪ್ರದಾಯ. ಅಲ್ಲಿ ಹೆಸರು ಬೇರೆಯಾದರೂ ಬರೆಹದ ಹೊಣೆ ಬೇರೆಯಾಗಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಆದರೆ ಗಣಕದಲ್ಲಿ ಆಯ್ಕೆ ಎಂಬುದು ಮಾದರಿಗಳನ್ನು ಸಿದ್ಧಪಡಿಸಿದವನ ಕಣ್ಣಿಗೆ ಕಂಡಷ್ಟಕ್ಕೆ ಸೀಮಿತ. ಮೊಬೈಲುಗಳಲ್ಲಿ ಬಳಸುವ ಮುಖಚಿಹ್ನೆಗಳಿಗೆ ಐದು ಬಗೆಯ ಮೈಬಣ್ಣಗಳನ್ನು ಯೂನಿಕೋಡ್ ವ್ಯವಸ್ಥೆ ಒದಗಿಸಿದ್ದು ೨೦೧೫ರಲ್ಲಿ. ಅದುವರೆಗೆ ಆ ಆಯ್ಕೆಯೇ ಇರಲಿಲ್ಲ. ಛಾಯಾಚಿತ್ರವನ್ನು ನೋಡಿ ಯಂತ್ರವೇ ಚಹರೆಯನ್ನು ಗುರುತಿಸುವಲ್ಲಿಯೂ ಇಂತಹ ಕೊರತೆ ಕಂಡುಬಂದಿದೆ. ಜಾಯ್ ಬುವೊಲಂವೀನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ೨೦೧೮ರಲ್ಲಿ, ಮುಖ ನೋಡಿ ಸ್ತ್ರೀಪುರುಷ ಭೇದವನ್ನು ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿ ಮೈಬಣ್ಣದ ಪುರುಷರ ವಿಷಯದಲ್ಲಿ ತಪ್ಪು ಶೇಕಡ ೦.೮ನ್ನು ಮೀರಲಿಲ್ಲ, ಕಪ್ಪು ಮೈಬಣ್ಣದ ಸ್ತ್ರೀಯರ ವಿಷಯದಲ್ಲಿ ಅದು ಶೇಕಡ ೩೪.೭ರವರೆಗೆ ಏರಿತು. ಯಾರ ಮುಖಗಳನ್ನು ತೋರಿಸಿ ಯಂತ್ರವನ್ನು ಪಳಗಿಸಲಾಗಿದೆಯೋ ಅವರನ್ನೇ ಅದು ಚೆನ್ನಾಗಿ ಬಲ್ಲದು. ಕಪ್ಪು ಬಣ್ಣದ ಬಾಲಕಿ ತನ್ನ ಅವತಾರವನ್ನು ರಚಿಸುವಾಗ ತಾನಾಗಿಯೇ ಬಣ್ಣವನ್ನು ತಿಳಿಯಾಗಿಸಿಕೊಂಡರೆ, ಶಿಕ್ಷಕರು ಅದನ್ನು ಕೇವಲ ಆಟವೆಂದು ಉಪೇಕ್ಷಿಸಬಾರದು.

ವೇಷ ಮತ್ತು ವೇಷಧಾರಿ

ಬಯಲಾಟದಲ್ಲಿ ಕಿರೀಟ, ಭುಜಕೀರ್ತಿಗಳನ್ನು ಧರಿಸಿದ ರೈತನ ನಿಲುವು, ನಡಿಗೆ, ದನಿಗಳೆಲ್ಲ ಬದಲಾಗುವುದನ್ನು ಹಳ್ಳಿಗರು ಬಲ್ಲರು. ಗಣಕದ ರೂಪವೂ ಧರಿಸಿದವನನ್ನು ಬದಲಿಸಬಲ್ಲುದೆಂದು ೨೦೦೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಪ್ರಯೋಗದಿಂದ ತೋರಿಸಿದರು. ಸುಂದರವಾದ ರೂಪ ದೊರೆತವರು ಕೆಲವೇ ಕ್ಷಣಗಳಲ್ಲಿ ಅಪರಿಚಿತನ ಸಮೀಪಕ್ಕೆ ಹೋಗಿ ನಿಂತು, ತಮ್ಮ ವಿಷಯವನ್ನು ಹೆಚ್ಚು ಬಿಚ್ಚಿ ಹೇಳಿದರು. ಎತ್ತರದ ರೂಪ ದೊರೆತವರು ಹಣ ಹಂಚುವ ಆಟದಲ್ಲಿ ಹೆಚ್ಚು ಬಿಗಿಯಾಗಿ ವರ್ತಿಸಿದರು. ಕುಳ್ಳ ರೂಪ ದೊರೆತವರು ಅನ್ಯಾಯದ ಪಾಲನ್ನೂ ಒಪ್ಪಿಕೊಳ್ಳಲು ಹೆಚ್ಚು ಸಿದ್ಧರಾದರು. ರೂಪವನ್ನು ಅವರು ಆರಿಸಿಕೊಂಡಿರಲಿಲ್ಲ; ಪ್ರಯೋಗ ನಡೆಸಿದವರೇ ನೀಡಿದ್ದರು. ಬೇಕಾದಂತೆ ರೂಪ ಬದಲಿಸಬಲ್ಲ ಗ್ರೀಕ್ ಪುರಾಣದ ಸಮುದ್ರದೇವತೆಯ ಹೆಸರಿನಿಂದ ಇದನ್ನು ‘ಪ್ರೋಟಿಯಸ್ ಪರಿಣಾಮ’ವೆಂದು ಕರೆದರು.

ಇದರಿಂದ ಒಳಿತೂ ಸಾಧ್ಯ. ೨೦೧೧ರಲ್ಲಿ ಪ್ರಕಟವಾದ ಹಾಲ್ ಹರ್ಷ್‌ಫೀಲ್ಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಮುಪ್ಪಿನಲ್ಲಿ ತಾವು ಹೇಗೆ ಕಾಣುವೆವೆಂಬ ರೂಪವನ್ನು ಕಂಡವರು ವೃದ್ಧಾಪ್ಯಕ್ಕಾಗಿ ಹೆಚ್ಚು ಉಳಿತಾಯ ಮಾಡಲು ಒಲವು ತೋರಿದರು. ರೂಪ ಎಂಬುದು ಬರಿಯ ಹೊರಹೊದಿಕೆಯಲ್ಲ, ಅದು ಒಳಗನ್ನೂ ಮುಟ್ಟುತ್ತದೆ ಎಂಬುದು ಈ ಪ್ರಯೋಗಗಳ ಸಾರ.

ಇಬೆಲಿನ್ ಎಂಬ ಹೆಸರಿನ ತರುಣ

ಅವತಾರವು ಮನುಷ್ಯನಿಗೆ ಏನನ್ನು ಕೊಡಬಲ್ಲುದೆಂಬುದನ್ನು ನಾರ್ವೆ ದೇಶದ ಮ್ಯಾಟ್ಸ್ ಸ್ಟೇನ್ ಎಂಬ ತರುಣನ ಬಾಳು ತೋರಿಸುತ್ತದೆ. ೧೯೮೯ರಲ್ಲಿ ಹುಟ್ಟಿದ ಮ್ಯಾಟ್ಸ್‌ಗೆ ಡೂಶೆನ್ ಎಂಬ ಸ್ನಾಯುಕ್ಷಯದ ರೋಗವಿತ್ತು. ಬಾಲ್ಯದಲ್ಲಿಯೇ ಗಾಲಿಕುರ್ಚಿ ಅನಿವಾರ್ಯವಾಯಿತು. ಬೆಳೆದಂತೆ ಕೈಗಳ ಬಲವೂ ಕುಂದುತ್ತಾ ಬಂದಿತು. ಬಹುಪಾಲು ಸಮಯವನ್ನು ಅವನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಜಾಲದ ಆಟದಲ್ಲಿ ಕಳೆಯುತ್ತಿದ್ದನು. ಮಗನಿಗೆ ಗೆಳೆತನವಾಗಲಿ, ಪ್ರೀತಿಯಾಗಲಿ ದೊರೆಯಲಿಲ್ಲ, ಯಾರ ಬಾಳಿಗೂ ಆಸರೆಯಾಗುವ ಅವಕಾಶ ಅವನಿಗೆ ಒದಗಲಿಲ್ಲ ಎಂದು ತಂದೆತಾಯಿ ಕೊರಗುತ್ತಿದ್ದರು. ೨೦೧೪ರ ನವೆಂಬರಿನಲ್ಲಿ, ೨೫ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಅವನು ನಡೆಸುತ್ತಿದ್ದ ಜಾಲಪುಟದಲ್ಲಿ ತಂದೆ ಮರಣವಾರ್ತೆಯನ್ನು ಪ್ರಕಟಿಸಿದರು. ಅನಂತರ ಯೂರೋಪಿನ ನಾನಾ ದೇಶಗಳಿಂದ ಓಲೆಗಳು ಬರತೊಡಗಿದವು. ಆಟದ ಲೋಕದಲ್ಲಿ ಮ್ಯಾಟ್ಸ್ ‘ಇಬೆಲಿನ್’ ಎಂಬ ಹೆಸರಿನ ದೃಢಕಾಯನಾಗಿದ್ದನು. ಅಲ್ಲಿ ಅವನು ನಡೆಯಬಲ್ಲವನು, ಓಡಬಲ್ಲವನು. ‘ಸ್ಟಾರ್‌ಲೈಟ್’ ಎಂಬ ಗೆಳೆಯರ ಬಳಗದಲ್ಲಿ ಅವನಿಗೆ ಸ್ಥಾನವಿತ್ತು. ನೆದರ್ಲೆಂಡಿನ ಬಾಲಕಿಯೊಬ್ಬಳ ಗಣಕವನ್ನು ತಂದೆತಾಯಿ ಕಿತ್ತುಕೊಂಡಾಗ, ಗೆಳೆಯರಿಂದ ಅವಳು ದೂರವಾಗುವಳೆಂದು ಅವರಿಗೆ ವಿನಯದ ಪತ್ರ ಬರೆದವನು ಅವನು. ಸ್ವಲೀನತೆಯುಳ್ಳ ಮಗನೊಂದಿಗೆ ಹೇಗೆ ಬೆರೆಯಬೇಕೆಂದು ತಿಳಿಯದ ಡೆನ್ಮಾರ್ಕಿನ ತಾಯಿಗೆ ಆಟದ ಮೂಲಕವೇ ಮಗನ ಹತ್ತಿರ ಹೋಗಲು ಸಲಹೆಯಿತ್ತವನೂ ಅವನೇ. ಅಂತ್ಯಕ್ರಿಯೆಗೆ ಆ ಗೆಳೆಯರಲ್ಲಿ ಕೆಲವರು ಹೊರದೇಶಗಳಿಂದ ಬಂದರು. ಅವನ ಜೀವನವನ್ನು ಕುರಿತು ಬೆಂಜಮಿನ್ ರೀ ನಿರ್ದೇಶಿಸಿದ ಸಾಕ್ಷ್ಯಚಿತ್ರ ೨೦೨೪ರಲ್ಲಿ ಬಿಡುಗಡೆಯಾಯಿತು.

ಆ ಚಿತ್ರ ಅವನನ್ನು ದೋಷರಹಿತನೆಂದು ತೋರಿಸುವುದಿಲ್ಲ. ತನ್ನ ರೋಗವನ್ನು ಅವನು ಬಹುಕಾಲ ಗೆಳೆಯರಿಂದ ಮುಚ್ಚಿಟ್ಟಿದ್ದನು. ನೋವಿನ ದಿನಗಳಲ್ಲಿ ಅವರ ಮನಸ್ಸನ್ನು ನೋಯಿಸಿದ್ದೂ ಉಂಟು. ಗೆಳೆಯರು ಮೆಚ್ಚಿದ್ದು ಇಬೆಲಿನ್‌ನ ಚಿತ್ರಿತ ದೇಹದಾರ್ಢ್ಯವನ್ನಲ್ಲ. ಅದರ ಮೂಲಕ ಹರಿದು ಬಂದ ಮ್ಯಾಟ್ಸ್‌ನ ಸೌಜನ್ಯವನ್ನು. ರೂಪ ಕಲ್ಪಿತವಾಗಿತ್ತು, ನಡತೆ ನಿಜವಾಗಿತ್ತು.

ಇದೇ ತತ್ತ್ವವನ್ನು ದುಡಿಮೆಗೆ ಅಳವಡಿಸಿದ ಉದಾಹರಣೆ ಜಪಾನಿನಲ್ಲಿದೆ. ೨೦೨೧ರ ಜೂನ್ ತಿಂಗಳಲ್ಲಿ ಟೋಕಿಯೋದ ನಿಹೊನ್‌ಬಾಶಿಯಲ್ಲಿ ‘ಡಾನ್’ ಎಂಬ ಉಪಾಹಾರಗೃಹವನ್ನು ಓರಿ ಪ್ರಯೋಗಾಲಯವೆಂಬ ಸಂಸ್ಥೆ ತೆರೆಯಿತು. ಹೊರಗೆ ಹೋಗಲಾರದ ಅಂಗವಿಕಲರೂ ದೀರ್ಘರೋಗಿಗಳೂ ಮನೆಯಿಂದಲೇ ‘ಓರಿಹಿಮೆ’ ಎಂಬ ಯಂತ್ರಮಾನವರನ್ನು ನಡೆಸಿ, ಅತಿಥಿಗಳೊಡನೆ ಮಾತನಾಡಿ, ಪಾನೀಯ ಒದಗಿಸಿ ಸಂಬಳ ಪಡೆಯುವ ಏರ್ಪಾಡು ಅದು. ಇಲ್ಲಿ ಅವತಾರ ತೆರೆಯಿಂದ ಹೊರಬಂದು ನೆಲದ ಮೇಲೆ ನಿಂತಿದೆ.

ಕದ್ದ ಮುಖ

ತನ್ನ ರೂಪವನ್ನು ತಾನು ರಚಿಸಿಕೊಳ್ಳುವುದು ಒಂದು. ಇನ್ನೊಬ್ಬರ ರೂಪವನ್ನು ಕದಿಯುವುದು ಬೇರೊಂದು. ಕೃತಕ ಬುದ್ಧಿಯ ನೆರವಿನಿಂದ ಒಂದೆರಡು ಛಾಯಾಚಿತ್ರ ಹಾಗೂ ಸ್ವಲ್ಪ ಧ್ವನಿಯಿಂದಲೇ ಮಾತನಾಡುವ ರೂಪವನ್ನು ತಯಾರಿಸುವುದು ಇಂದು ಸಾಧ್ಯವಾಗಿದೆ. ಒಪ್ಪಿಗೆ ಮತ್ತು ಪ್ರಾಮಾಣಿಕತೆಗಳಿದ್ದಲ್ಲಿ ಇದು ಉಪಯುಕ್ತವೇ. ೨೦೨೩ರ ಜುಲೈ ತಿಂಗಳಲ್ಲಿ ಕನ್ನಡದ ಸುದ್ದಿವಾಹಿನಿಯೊಂದು ‘ಸೌಂದರ್ಯ’ ಎಂಬ ಕೃತಕ ವಾರ್ತಾವಾಚಕಿಯನ್ನು ಪರಿಚಯಿಸಿತು. ೨೦೨೪ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿ ‘ಕ್ರಿಶ್’ ಮತ್ತು ‘ಭೂಮಿ’ ಎಂಬ ಇಬ್ಬರನ್ನು ತಂದಿತು. ಇವು ಕೃತಕವೆಂದು ಹೇಳಿಯೇ ತೋರಿಸಿದವು. ಆದ್ದರಿಂದ ಯಾರಿಗೂ ಮೋಸವಾಗಲಿಲ್ಲ.

ಹಾಗಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ೨೦೨೪ರ ಆರಂಭದಲ್ಲಿ ಹಾಂಕಾಂಗಿನಿಂದ ವರದಿಯಾದ ಪ್ರಕರಣ ನಿದರ್ಶನ. ಕಚೇರಿಯ ನೌಕರರೊಬ್ಬರು ತಮ್ಮ ಹಿರಿಯ ಅಧಿಕಾರಿಗಳನ್ನು ದೃಶ್ಯಸಂಭಾಷಣೆಯಲ್ಲಿ ಕಂಡು, ಅವರ ಮಾತನ್ನು ನಂಬಿ, ಸುಮಾರು ೨೦ ಕೋಟಿ ಹಾಂಕಾಂಗ್ ಡಾಲರುಗಳನ್ನು ವರ್ಗಾಯಿಸಿದರು. ತೆರೆಯ ಮೇಲಿದ್ದ ಆ ಅಧಿಕಾರಿಗಳ ಮುಖಗಳು ಕೃತಕವಾಗಿದ್ದವು. ಭಾರತದಲ್ಲಿ ದೆಹಲಿ ಉಚ್ಚ ನ್ಯಾಯಾಲಯ ೨೦೨೩ರ ಸೆಪ್ಟೆಂಬರಿನಲ್ಲಿ ನಟ ಅನಿಲ್ ಕಪೂರ್ ಅವರ ಹೆಸರು, ಚಿತ್ರ, ಧ್ವನಿಗಳನ್ನು ಅನುಮತಿಯಿಲ್ಲದೆ ವಾಣಿಜ್ಯಕ್ಕೆ ಬಳಸುವುದನ್ನು ತಡೆದು ಆದೇಶ ನೀಡಿತು. ಗಣಕದ ಮೂಲಕ ಇನ್ನೊಬ್ಬರ ಸೋಗು ಹಾಕಿ ವಂಚಿಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ೬೬ ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಮನೆ ಮತ್ತು ಶಾಲೆಯ ಪಾಲು

ಈ ಹಿನ್ನೆಲೆಯಲ್ಲಿ ಮನೆ ಮತ್ತು ಶಾಲೆಗಳು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಮಕ್ಕಳಿಗೆ ಛಾಯಾಚಿತ್ರಕ್ಕಿಂತ ಜೋಡಣೆಯ ವ್ಯಂಗ್ಯಚಿತ್ರವೇ ಲೇಸು. ಅದು ಪರಿಚಿತರಿಗೆ ಗುರುತು ಕೊಡುತ್ತದೆ, ಅಪರಿಚಿತರಿಗೆ ಮುಖವನ್ನು ಕೊಡುವುದಿಲ್ಲ. ಮುಖದ ಅಳತೆ, ಧ್ವನಿಯ ಮಾದರಿಗಳನ್ನು ಕೇಳುವ ಆ್ಯಪ್‌ಗಳಿಗೆ ಅವುಗಳನ್ನು ಒಪ್ಪಿಸುವ ಮೊದಲು ಯೋಚಿಸಬೇಕು. ಗುಪ್ತಪದವನ್ನು ಬದಲಾಯಿಸಬಹುದು, ಮುಖವನ್ನು ಬದಲಾಯಿಸಲಾಗದು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ೧೮ ವರ್ಷ ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕೆಂದು ವಿಧಿಸಿದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು ಇಲ್ಲಿ ಸಲ್ಲುತ್ತದೆ. ದೂರದೇಶದಲ್ಲಿರುವವರಿಗೆ ಪರಿಚಿತ ಮುಖ, ಪರಿಚಿತ ದನಿಯ ಮೂಲಕ ಹಣದ ಬೇಡಿಕೆ ಬಂದರೆ, ಅದು ಗುರುಗಳ ಮುಖವಾಗಿರಲಿ, ಸಹಪಾಠಿಯ ದನಿಯಾಗಿರಲಿ, ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ತಾವೇ ಕರೆಮಾಡಿ ಖಚಿತಪಡಿಸಿಕೊಳ್ಳುವುದು ವಿವೇಕ. ಹಾಗೆ ವಿಚಾರಿಸುವುದು ಅವಿಶ್ವಾಸವಲ್ಲ. ಸಂಸ್ಥೆಯ ಹೆಸರನ್ನು ಕಾಯುವ ಕೆಲಸ. ಭಾರತದಲ್ಲಿ ಹಣ ಕಳೆದುಕೊಂಡವರು ೧೯೩೦ ಸಂಖ್ಯೆಗೆ ಕೂಡಲೇ ಕರೆಮಾಡಿ ದೂರು ನೀಡಬಹುದು.

ಎಲ್ಲಕ್ಕಿಂತ ಮಿಗಿಲಾಗಿ ಮಕ್ಕಳಿಗೆ ತಿಳಿಸಬೇಕಾದುದು ನಡೆನುಡಿಗಳ ಮಾತು. ಹುಲಿಯ ಮುಖ ಧರಿಸಿ ಬರೆದ ಬೈಗುಳವನ್ನು ಓದಿ ನೋಯುವವನು ಹುಲಿಯಲ್ಲ, ಮನುಷ್ಯ, ಬರೆದವನೂ ಮನುಷ್ಯನೇ. ಮುಖ ಕಾಣದಿರುವಾಗ ಹೇಗೆ ನಡೆದುಕೊಳ್ಳುತ್ತೇವೆಂಬುದು ಶೀಲದ ಪರೀಕ್ಷೆಯೆಂದು ಹಿರಿಯರು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಆ ಪರೀಕ್ಷೆ ಈಗ ಪ್ರತಿದಿನವೂ, ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಯಲ್ಲಿಯೇ ನಡೆಯುತ್ತಿದೆ. ನಾರ್ವೆಯ ಆ ತರುಣನು ಕಾಲುಗಳಿಲ್ಲದ ಲೋಕದಿಂದ ಕಾಲುಗಳುಳ್ಳ ಲೋಕಕ್ಕೆ ಹೋದಾಗ ತನ್ನ ಸೌಜನ್ಯವನ್ನು ಜೊತೆಗೊಯ್ದನು. ವಿದ್ಯಾರ್ಥಿಗಳು ತೆರೆಯ ಮೇಲೆ ಯಾವ ರೂಪವನ್ನಾದರೂ ತಾಳಲಿ, ಶಾಲೆಯಲ್ಲಿ ಕಲಿತ ಸಭ್ಯತೆ ಆ ರೂಪದೊಂದಿಗೆ ಇಳಿದು ಹೋಗುವಂತೆ ಅವರನ್ನು ಸಿದ್ಧಗೊಳಿಸುವುದು ಇಂದಿನ ಶಿಕ್ಷಣಕ್ಕೆ ಸೇರಿದ ಹೊಸ ಕರ್ತವ್ಯ.